ಬಿಳಿ ಟ್ಯೂಬ್‌ಲೈಟ್ ಕೆಳಗೆ ಕೊತ್ತಂಬರಿ

ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಅಡುಗೆಮನೆಯಲ್ಲಿ ಟ್ರೇಗೆ ಹಾಕಿದ್ದೆ. ಹತ್ತನೇ ದಿನಕ್ಕೆ ಮೊಳಕೆ ಬಂತು. ಇನ್ನೊಂದು ವಾರದಲ್ಲಿ ಸಸಿಗಳೆಲ್ಲ ನೂಲಿನ ಹಾಗೆ ಉದ್ದವಾಗಿ, ಕಿಟಕಿ ಕಡೆ ಕತ್ತು ಚಾಚಿ ಮಲಗಿಬಿಟ್ಟವು. ನೀರು ಸರಿಯಿತ್ತು, ಮಣ್ಣೂ ಸರಿಯಿತ್ತು, ಸಾಲದೇ ಹೋದದ್ದು ಬೆಳಕು. ನಮ್ಮದು ಮೊದಲನೇ ಮಹಡಿ, ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಬೆಂಗಳೂರಲ್ಲಿ ಇಂಥ ಮನೆಗಳೇ ಜಾಸ್ತಿ, ಅಲ್ವಾ?

ನಮಗೆ ಆ ಅಡುಗೆಮನೆ ಕತ್ತಲೆ ಅನ್ನಿಸುವುದೇ ಇಲ್ಲ. ಹಗಲು ಲೈಟ್ ಹಾಕದೇ ಅಕ್ಕಿ ಆರಿಸಬಹುದು. ಆದರೆ ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ನೋಡಿ. ಮನೆಯೊಳಗೆ ಸಾಮಾನ್ಯವಾಗಿ 100ರಿಂದ 300 ಲಕ್ಸ್ ತೋರಿಸುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಅದು ಸುಮಾರು 1,00,000. ಅಂದರೆ ನೂರಾರು ಪಟ್ಟು ವ್ಯತ್ಯಾಸ! ನಮ್ಮ ಕಣ್ಣು ಸಿಕ್ಕಿದ ಬೆಳಕಿಗೆ ತಕ್ಕ ಹಾಗೆ ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಗಿಡಕ್ಕೆ ಹಾಗೆ ಹೊಂದಿಕೊಳ್ಳಲು ಆಗುವುದಿಲ್ಲ, ಅದಕ್ಕೆ ಬೆಳಕೇ ಊಟ. ಊಟ ತೀರಾ ಕಡಿಮೆಯಾದರೆ ಎಲೆ ಮಾಡುವ ಸಕ್ಕರೆಗಿಂತ ಗಿಡ ಉಸಿರಾಡಲು ಖರ್ಚು ಮಾಡುವ ಸಕ್ಕರೆಯೇ ಜಾಸ್ತಿ ಆಗುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ.

ನಾನು ಮೊದಲು ಎಲ್ಲರ ಹಾಗೆ ಆನ್‌ಲೈನ್‌ನಲ್ಲಿ ಗಿಡ ಬೆಳೆಸಲು ಅಂತಲೇ ಮಾರುವ ನೇರಳೆ ಬಣ್ಣದ ಗ್ರೋ ಲೈಟ್ ತರಿಸಿದೆ. ಡಬ್ಬದ ಮೇಲೆ 40 ವಾಟ್ ಅಂತ ಬರೆದಿತ್ತು. ಪ್ಲಗ್‌ಗೆ ಹಾಕುವ ವಾಟ್ ಮೀಟರ್‌ನಲ್ಲಿ ಅಳೆದರೆ 9. ಅಡುಗೆಮನೆಯೆಲ್ಲ ನೇರಳೆಯಾಯಿತು, ಎಲೆ ಹಳದಿಯಾಗಿದೆಯೋ ಹುಳ ಬಿದ್ದಿದೆಯೋ ಒಂದೂ ಕಾಣದು.

ನೇರಳೆಯೇ ಯಾಕೆ? ಎಲೆಯ ಕ್ಲೋರೋಫಿಲ್ ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಸ್ವಲ್ಪ ಬಿಡುತ್ತದೆ, ಅದಕ್ಕೇ ಎಲೆ ಹಸಿರಾಗಿ ಕಾಣುವುದು. ಇದು ನಿಜವೇ, ಅದಕ್ಕೇ ನೀಲಿ, ಕೆಂಪು ಎರಡನ್ನೇ ಬೆರೆಸಿ ನೇರಳೆ ಲೈಟ್ ಮಾಡುತ್ತಾರೆ. ಆದರೆ ಇದರಿಂದ ‘ಹಸಿರು ಬೆಳಕು ಗಿಡಕ್ಕೆ ದಂಡ’ ಅಂತ ಹೇಳುವುದು ತಪ್ಪು. 1972ರಲ್ಲಿ ಕೀತ್ ಮೆಕ್ರೀ ಎಂಬ ವಿಜ್ಞಾನಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣ ಬಿಟ್ಟು ಅಳೆದು ನೋಡಿದರು. 400ರಿಂದ 700 ನ್ಯಾನೋಮೀಟರ್‌ವರೆಗಿನ, ಅಂದರೆ ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣವೂ ಕೆಲಸಕ್ಕೆ ಬರುತ್ತದೆ, ಹಸಿರೂ ಸೇರಿ. ಎಲೆ ವಾಪಸ್ ಕಳಿಸುವ ಹಸಿರು ಸ್ವಲ್ಪವೇ, ಉಳಿದದ್ದು ಎಲೆಯೊಳಗೆ ಆಳಕ್ಕೆ ಇಳಿದು ಅಲ್ಲಿ ಕೆಲಸ ಮಾಡುತ್ತದೆ.

ಹಾಗಾದರೆ ಮನೆಯ ಬಿಳಿ ಎಲ್‌ಇಡಿ ಸಾಕಾ? ಧಾರಾಳವಾಗಿ ಸಾಕು. ಬಿಳಿ ಎಲ್‌ಇಡಿ ಒಳಗಿರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಫಾಸ್ಫರ್ ಲೇಪನ ಇರುತ್ತದೆ. ನೀಲಿಯಲ್ಲಿ ಸ್ವಲ್ಪ ಹಾಗೇ ಹೊರಬರುತ್ತದೆ, ಉಳಿದದ್ದು ಹಸಿರು, ಹಳದಿ, ಕೆಂಪಾಗಿ ಬದಲಾಗುತ್ತದೆ. ಎಲ್ಲ ಸೇರಿ ಬಿಳಿ. ಈ ನೀಲಿ ಎಲ್‌ಇಡಿ ಮಾಡಲು ದಾರಿ ತೋರಿಸಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ಮನೆಯ 9 ವಾಟ್ ಬಲ್ಬ್ ಅವರ ಕೆಲಸದ ಫಲ.

ನಾನು ಎಸ್‌.ಪಿ. ರೋಡ್‌ಗೆ ಹೋಗಿ ನಾಲ್ಕು ಅಡಿ ಉದ್ದದ 20 ವಾಟ್ ಎಲ್‌ಇಡಿ ಟ್ಯೂಬ್‌ಲೈಟ್ ಮೂರು ತಂದೆ. ಎರಡು 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಹೇಳುವ ಅಳತೆ) ತಣ್ಣನೆ ಬಿಳಿ, ಒಂದು 3000 ಕೆಲ್ವಿನ್‌ನ ಹಳದಿ ಬಿಳಿ. ತಣ್ಣನೆಯದರಲ್ಲಿ ನೀಲಿ ಜಾಸ್ತಿ, ಅದು ಸಸಿಯನ್ನು ಗಿಡ್ಡವಾಗಿ ಗಟ್ಟಿಯಾಗಿ ಇಡುತ್ತದೆ. ಇನ್ನೊಂದರಲ್ಲಿ ಕೆಂಪು ಜಾಸ್ತಿ. ನಾಲ್ಕಡಿ ಉದ್ದ, ಒಂದಡಿ ಅಗಲದ ಕಬ್ಬಿಣದ ರ್‍ಯಾಕ್‌ನ ಹಲಗೆ ಕೆಳಗೆ ಮೂರನ್ನೂ ಸಣ್ಣ ಸರಪಳಿಯಲ್ಲಿ ನೇತುಹಾಕಿ, ಮೂರು ಬದಿಗೆ ಬಿಳಿ ಥರ್ಮಾಕೋಲ್ ಕಟ್ಟಿದೆ, ಬೆಳಕು ಆಚೆ ಹೋಗದ ಹಾಗೆ. ಟೈಮರ್, ವೈರ್ ಎಲ್ಲ ಸೇರಿ 1,300 ರೂಪಾಯಿ ಆಯಿತು. ರ್‍ಯಾಕ್ ಮನೆಯಲ್ಲೇ ಇತ್ತು.

ಬಲ್ಬ್‌ಗಿಂತ ಮುಖ್ಯ ದೂರ. ತುಂಬ ಜನ ತಪ್ಪುವುದು ಇಲ್ಲೇ. ಒಂಟಿ ಬಲ್ಬ್‌ನಿಂದ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಚಾವಣಿಯ ಟ್ಯೂಬ್‌ಲೈಟ್ ಕೆಳಗೆ ಕುಂಡ ಇಟ್ಟು ಗಿಡ ಯಾಕೆ ಬರಲಿಲ್ಲ ಅಂತ ಕೇಳಿದರೆ ಇದೇ ಉತ್ತರ. ಎಲ್‌ಇಡಿಯ ಬೆಳಕಿನಲ್ಲಿ ಹಳೇ ಫಿಲಮೆಂಟ್ ಬಲ್ಬಿನಷ್ಟು ಶಾಖ ಇಲ್ಲ, ಹಾಗಾಗಿ ಎಲೆಯಿಂದ ಒಂದು ಗೇಣಿಗಿಂತ ಹತ್ತಿರವೇ ಇಡಬಹುದು. ನನ್ನ ಟ್ರೇ ಮೇಲೆ ಈಗ ಸುಮಾರು 10,000 ಲಕ್ಸ್ ಬೀಳುತ್ತದೆ. ಲಕ್ಸ್ ಎಂಬುದು ಮನುಷ್ಯರ ಕಣ್ಣಿಗೆ ಮಾಡಿದ ಅಳತೆ, ಗಿಡಕ್ಕೆ ಬೇಕಾದದ್ದು ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ ಲೆಕ್ಕ. ಅದರ ಅಳತೆ ಮೈಕ್ರೋಮೋಲ್. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೈಕ್ರೋಮೋಲ್ ಸಿಗುತ್ತದೆ, ಇಲ್ಲಿ ಸುಮಾರು 140. ಕೊತ್ತಂಬರಿ, ಪುದೀನಕ್ಕೆ ಇದು ಸಾಕು. ಟೊಮೆಟೊ, ಮೆಣಸಿನಕಾಯಿಗೆ ಸಾಲದು, ಅವಕ್ಕೆ ತಾರಸಿಯೇ ವಾಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಳಕು ಜಾಸ್ತಿ ಬರಲಿ ಅಂತ ಬಲ್ಬಿನ ಮೇಲಿನ ಬಿಳಿ ಪ್ಲಾಸ್ಟಿಕ್ ಮುಚ್ಚಳ ಕಿತ್ತುಹಾಕುವ ವಿಡಿಯೋಗಳಿವೆ. ದಯವಿಟ್ಟು ಮಾಡಬೇಡಿ. ಅಗ್ಗದ ಬಲ್ಬ್‌ಗಳ ಡ್ರೈವರ್‌ನಲ್ಲಿ (ಕರೆಂಟನ್ನು ಎಲ್‌ಇಡಿಗೆ ತಕ್ಕ ಹಾಗೆ ಮಾಡುವ ಸರ್ಕ್ಯೂಟ್) ಟ್ರಾನ್ಸ್‌ಫಾರ್ಮರ್‌ನ ತಡೆ ಇರುವುದಿಲ್ಲ, ಒಳಗಿನ ಎಲ್‌ಇಡಿಗಳಿಗೆ ನೇರವಾಗಿ ಮೇನ್ಸ್ ಕರೆಂಟಿನ ಸಂಪರ್ಕ ಇರುತ್ತದೆ. ಗಿಡದ ಹತ್ತಿರ ನೀರು ಇದ್ದೇ ಇರುತ್ತದೆ. ಒದ್ದೆ ಕೈ ತಗುಲಿದರೆ ಜೀವಕ್ಕೇ ಕುತ್ತು.

ಭಯ ಇದ್ದವರು 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಬಳಸಬಹುದು. ಆ ಪಟ್ಟಿಯನ್ನು ಹತ್ತಿರದಿಂದ ನೋಡಿ, ಮೂರು ಎಲ್‌ಇಡಿಗೊಮ್ಮೆ ಕತ್ತರಿ ಗುರುತು, ಪಕ್ಕದಲ್ಲಿ ಒಂದು ಪುಟ್ಟ ಕಪ್ಪು ರೆಸಿಸ್ಟರ್. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9. ಉಳಿದ 3 ವೋಲ್ಟನ್ನು ಆ ರೆಸಿಸ್ಟರ್ ಶಾಖ ಮಾಡಿ ಕಳೆಯುತ್ತದೆ. ಅಂದರೆ ಕಾಲು ಭಾಗ ಕರೆಂಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಸುರಕ್ಷಿತ ಹೌದು, ಉಳಿತಾಯ ಅಲ್ಲ. ಅಲ್ಯೂಮಿನಿಯಂ ಪಟ್ಟಿ ಮೇಲೆ ಅಂಟಿಸದಿದ್ದರೆ ಬೇಗ ಮಂಕಾಗುತ್ತದೆ.

ಇನ್ನು ಗಂಟೆ ಲೆಕ್ಕ. ತುಳಸಿಗೆ ನಾನು 14 ಗಂಟೆ ಬೆಳಕು ಕೊಡುತ್ತೇನೆ. ಕೊತ್ತಂಬರಿಗೆ ಮಾತ್ರ 12, ಯಾಕೆಂದರೆ ಹಗಲು ಉದ್ದವಾದರೆ ಅದು ಎಲೆ ಬಿಡುವುದು ನಿಲ್ಲಿಸಿ ಹೂವಿಗೆ ಹೋಗುತ್ತದೆ. ಬೆಳಕು ಗಿಡಕ್ಕೆ ಊಟ ಮಾತ್ರ ಅಲ್ಲ, ಗಡಿಯಾರ ಕೂಡ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬ್ ಉರಿಯುವುದು ಕಾಣುತ್ತದೆ, ನೋಡಲು ಜಾತ್ರೆ ಥರ. ಸೇವಂತಿಗೆ ಮೊಗ್ಗು ಬಿಡಲು ಉದ್ದ ರಾತ್ರಿ ಬೇಕು. ರೈತರು ರಾತ್ರಿಯನ್ನು ಬೆಳಕಿನಿಂದ ಮುರಿದು, ಗಿಡ ಚೆನ್ನಾಗಿ ಎತ್ತರ ಬರುವವರೆಗೂ ಮೊಗ್ಗನ್ನು ತಡೆದು, ಆಮೇಲೆ ಬಲ್ಬ್ ಆರಿಸುತ್ತಾರೆ. ಆ ಮಂದ ಬೆಳಕು ಊಟಕ್ಕೆ ಏನೇನೂ ಸಾಲದು, ಗಡಿಯಾರ ತಿರುಗಿಸಲು ಮಾತ್ರ ಸಾಕು.

ಮೂರು ಟ್ಯೂಬ್‌ಲೈಟ್ 12 ಗಂಟೆ ಉರಿದರೆ ದಿನಕ್ಕೆ 0.72 ಯೂನಿಟ್, ತಿಂಗಳಿಗೆ ಸುಮಾರು 22. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ 130 ರೂಪಾಯಿ. ಮಾರುಕಟ್ಟೆಯಲ್ಲಿ ಕಟ್ಟು ಹತ್ತು ರೂಪಾಯಿಗೆ ಸಿಗುವ ದಿನ ಇದು ದುಬಾರಿಯೇ, ಮಳೆಗಾಲದಲ್ಲಿ ಬೆಲೆ ಏರಿದಾಗ ಅಲ್ಲ. ನನಗಂತೂ ಒಗ್ಗರಣೆ ಇಳಿಸುವ ಹೊತ್ತಿಗೆ ಕೈ ಚಾಚಿ ಒಂದು ಹಿಡಿ ಕತ್ತರಿಸಿಕೊಳ್ಳುವ ಸುಖಕ್ಕೆ ಅಷ್ಟು ಕೊಡಬಹುದು ಅನ್ನಿಸುತ್ತದೆ. ಈ ಸಲದ ಸಸಿಗಳು ನೆಟ್ಟಗೆ ನಿಂತಿವೆ, ಕಾಂಡದ ಬುಡ ಕೆಂಪಗಿದೆ. ನಿನ್ನೆ ಎಲೆ ಲೈಟಿಗೆ ತಾಗುವಷ್ಟಾಗಿತ್ತು, ಸರಪಳಿಯನ್ನು ಎರಡು ಕೊಂಡಿ ಮೇಲಕ್ಕೆ ಸಿಕ್ಕಿಸಿದೆ.