ಮೈತುಂಬ ಚಿನ್ನದ ಬಣ್ಣ: ಬಾಂಡ್ ಚಿತ್ರದ ನಟಿ ಶೂಟಿಂಗ್‌ನಲ್ಲಿ ತೀರಿಕೊಂಡರೇ?

ಓದುಗರ ಪ್ರಶ್ನೆ: ‘ಗೋಲ್ಡ್‌ಫಿಂಗರ್’ ಸಿನಿಮಾದಲ್ಲಿ ಮೈಗೆಲ್ಲ ಚಿನ್ನದ ಬಣ್ಣ ಹಚ್ಚಿಸಿಕೊಂಡ ನಟಿ ಶೂಟಿಂಗ್ ವೇಳೆಯಲ್ಲೇ ಉಸಿರುಗಟ್ಟಿ ಸತ್ತರು ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಇದು ನಿಜವೇ? ಚರ್ಮದ ಮೇಲೆಲ್ಲ ಬಣ್ಣ ಬಳಿದರೆ ಮನುಷ್ಯ ಸಾಯುತ್ತಾನೆಯೇ?

ನಿಜವಲ್ಲ. ಆ ನಟಿಯ ಹೆಸರು ಶರ್ಲಿ ಈಟನ್. 1964ರಲ್ಲಿ ಚಿತ್ರ ತೆರೆಕಂಡ ಮೇಲೂ ಅವರು ಕೆಲವು ವರ್ಷ ನಟಿಸಿದರು. 1960ರ ದಶಕದ ಕೊನೆಗೆ ಮನೆ, ಮಕ್ಕಳನ್ನು ನೋಡಿಕೊಳ್ಳಬೇಕೆಂದು ತಾವಾಗಿಯೇ ಸಿನಿಮಾ ಬಿಟ್ಟರು. 1999ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಹೆಸರಿನ ಉತ್ತುಂಗದಲ್ಲಿದ್ದ ನಟಿ ಇದ್ದಕ್ಕಿದ್ದಂತೆ ಪರದೆಯಿಂದ ಮರೆಯಾದದ್ದೂ ಈ ಗಾಳಿಸುದ್ದಿಗೆ ಇಂಬು ಕೊಟ್ಟಿರಬೇಕು ಅನ್ನಿಸುತ್ತದೆ.

ಆದರೆ ಸುದ್ದಿ ಹುಟ್ಟಿದ್ದು ಬೇರೆ ಕಡೆ. ಅದರ ಬೀಜ ಚಿತ್ರದೊಳಗೇ ಇದೆ. ಮಯಾಮಿಯ ಹೋಟೆಲ್ ಕೋಣೆಯಲ್ಲಿ ಯಾರೋ ಹಿಂದಿನಿಂದ ಹೊಡೆದು ನಾಯಕ, ಗೂಢಚಾರ ಜೇಮ್ಸ್ ಬಾಂಡ್‌ನನ್ನು ಕೆಡವುತ್ತಾರೆ. ಎಚ್ಚರವಾಗಿ ತಡವರಿಸುತ್ತಾ ಒಳಗೆ ಹೋದರೆ ಹಾಸಿಗೆಯ ಮೇಲೆ ಹುಡುಗಿ ಬೋರಲಾಗಿ ಮಲಗಿದ್ದಾಳೆ, ಅಡಿಯಿಂದ ಮುಡಿಯವರೆಗೆ ಚಿನ್ನ. ಮುಂದೆ ಬಾಂಡ್ ತನ್ನ ಮೇಲಧಿಕಾರಿಗೆ ಕಾರಣ ವಿವರಿಸುತ್ತಾನೆ: ಚರ್ಮಕ್ಕೆ ಉಸಿರಾಡಲು ಆಗದೆ ಸತ್ತಳು, ಕುಣಿಯುವ ಹುಡುಗಿಯರಿಗೆ ಹೀಗಾದದ್ದುಂಟು, ಬೆನ್ನುಹುರಿಯ ಬುಡದಲ್ಲಿ ಚೂರು ಜಾಗ ಖಾಲಿ ಬಿಟ್ಟರೆ ಅಪಾಯವಿಲ್ಲ. ಬಾಂಡ್ ಪಾತ್ರದ ಶಾನ್ ಕಾನರಿ ಇದನ್ನು ಎಷ್ಟು ಸಹಜವಾಗಿ ಹೇಳುತ್ತಾರೆಂದರೆ ವೈದ್ಯರೇ ಹೇಳಿದಂತೆ ಕೇಳಿಸುತ್ತದೆ. ಇಯಾನ್ ಫ್ಲೆಮಿಂಗ್ ಈ ಚಿತ್ರಕ್ಕೆ ಮೂಲವಾದ ತಮ್ಮ 1959ರ ಕಾದಂಬರಿಯಲ್ಲೇ ಈ ಸಾವನ್ನು ತಂದಿದ್ದರು, ಆದರೆ ಅಲ್ಲಿ ಅದು ಬೇರೊಬ್ಬರ ಬಾಯಲ್ಲಿ ಬರುವ ಮಾತು. ನಿರ್ದೇಶಕ ಗೈ ಹ್ಯಾಮಿಲ್ಟನ್ ಅದನ್ನು ಕಣ್ಣಿಗೇ ತೋರಿಸಿದರು. ಕಣ್ಣಾರೆ ಕಂಡದ್ದನ್ನು ಜನ ಮರೆಯುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ? ಕಪ್ಪೆ ಚರ್ಮದಿಂದ ಉಸಿರಾಡುತ್ತದೆ, ನಾವಲ್ಲ. ನಮ್ಮ ರಕ್ತಕ್ಕೆ ಆಮ್ಲಜನಕ ಸೇರುವುದು ಶ್ವಾಸಕೋಶದಿಂದ. ಚರ್ಮದ ತೀರಾ ಮೇಲಿನ ಪದರ ಗಾಳಿಯಿಂದ ಒಂದಿಷ್ಟು ಹೀರಿಕೊಳ್ಳುತ್ತದೆ, ಅದು ಆ ಪದರದ ಖರ್ಚಿಗೇ ಸರಿಹೋಗುತ್ತದೆ. ಕೆರೆಯಲ್ಲಿ ಕುತ್ತಿಗೆವರೆಗೆ ಇಳಿದು ಗಂಟೆಗಟ್ಟಲೆ ನಿಂತವರನ್ನು ನೋಡಿಲ್ಲವೇ? ಮೈಗೆ ಗಾಳಿ ಸೋಕದಿದ್ದರೂ ಅವರು ಆರಾಮವಾಗಿ ಹರಟುತ್ತಿರುತ್ತಾರೆ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ನವರಾತ್ರಿಗೆ ಮಂಗಳೂರಿಗೋ ಅಷ್ಟಮಿಗೆ ಉಡುಪಿಗೋ ಬನ್ನಿ. ಹುಲಿವೇಷದವರು ಮೈಯ ರೋಮವನ್ನೆಲ್ಲ ಬೋಳಿಸಿ, ಎರಡು ಕಡೆ ಕೋಲು ಹಿಡಿದು ಕೈ ಅಗಲಿಸಿ ನಿಂತಿರುತ್ತಾರೆ. ಮೊದಲು ತಳದ ಬಣ್ಣ, ಅದು ಒಣಗಿದ ಮೇಲೆ ಅರಶಿನ ಬಣ್ಣ, ಆಮೇಲೆ ಒಂದೊಂದೇ ಪಟ್ಟೆ. ಗೋಡೆಗೆ, ಗೇಟಿಗೆ ಹಚ್ಚುವಂಥ ಪೇಂಟೇ ಮೈಗೂ. ಚಿಕ್ಕವಳಿದ್ದಾಗ ಅಜ್ಜಿಮನೆಯ ಅಂಗಳದಲ್ಲಿ ನಾನು ಇದನ್ನು ಬೆಳಗಿನ ಜಾವದವರೆಗೂ ಕೂತು ನೋಡಿದ್ದೇನೆ. ಆ ಪೇಂಟಿನ ವಾಸನೆ, ‘ಉರಿಯುತ್ತದೆ ಮಾರಾಯ’ ಎಂದು ಹಲ್ಲು ಕಚ್ಚಿ ನಿಂತವರ ಮುಖ ಇನ್ನೂ ನೆನಪಿದೆ. ಅದೇ ಮೈಯಲ್ಲಿ ಅವರು ತಾಸೆ ವಾದ್ಯದ ಬಡಿತಕ್ಕೆ ಒಂದಿಡೀ ದಿನ, ಕೆಲವರು ಎರಡು ಮೂರು ದಿನ ಕುಣಿಯುತ್ತಾರೆ. ಚರ್ಮದಿಂದ ಉಸಿರಾಡುವವರಾಗಿದ್ದರೆ ಒಂದು ಹುಲಿಯೂ ಮೆರವಣಿಗೆ ಮುಗಿಸುತ್ತಿರಲಿಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಬಣ್ಣದ ಪದರ ಅದನ್ನು ತಡೆದರೆ ದೇಹದ ಕಾವು ಏರುತ್ತದೆ, ಬಿಸಿಲಲ್ಲಿ ಅದು ಜೀವಕ್ಕೇ ಮುಳುವಾಗಬಹುದು. ಬಣ್ಣದಲ್ಲಿರುವ ರಾಸಾಯನಿಕಗಳಿಂದ ಚರ್ಮ ಕೆಡುವುದೂ ಉಂಟು. ಮೇಕಪ್ಪಿನಿಂದ ನಟರೊಬ್ಬರು ಸಾವಿನ ಹತ್ತಿರ ಹೋಗಿಬಂದ ಘಟನೆ ಹಾಲಿವುಡ್‌ನಲ್ಲಿ ನಿಜಕ್ಕೂ ನಡೆದಿದೆ. 1938ರಲ್ಲಿ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದ ತಗಡಿನ ಮನುಷ್ಯನ ಪಾತ್ರಕ್ಕಾಗಿ ಬಡ್ಡಿ ಎಬ್ಸನ್ ಮುಖಕ್ಕೆ ಅಲ್ಯೂಮಿನಿಯಂ ಪುಡಿ ಹಚ್ಚುತ್ತಿದ್ದರು. ಕೆಲವೇ ದಿನಗಳಲ್ಲಿ ಅವರು ಉಸಿರಾಡಲಾಗದೆ ಆಸ್ಪತ್ರೆ ಸೇರಿದರು, ಪಾತ್ರ ಬೇರೆಯವರ ಪಾಲಾಯಿತು. ಅಲ್ಲಿ ತೊಂದರೆ ಕೊಟ್ಟದ್ದು ಮುಚ್ಚಿಹೋದ ಚರ್ಮವಲ್ಲ, ಮೂಗಿನಿಂದ ಶ್ವಾಸಕೋಶಕ್ಕೆ ಇಳಿದ ಪುಡಿ. ಆಮೇಲೆ ಬಂದ ನಟನಿಗೆ ಪುಡಿಯ ಬದಲು ಪೇಸ್ಟ್ ಹಚ್ಚಿದರು.

‘ಗೋಲ್ಡ್‌ಫಿಂಗರ್’ ತಂಡಕ್ಕೂ ಒಳಗೊಳಗೇ ಭಯವಿತ್ತು. ಹೋಟೆಲ್ ಕೋಣೆಯ ದೃಶ್ಯ ತೆಗೆದದ್ದು ಮಯಾಮಿಯಲ್ಲಲ್ಲ, ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೋದ ಸೆಟ್‌ನಲ್ಲಿ. ಕಾನರಿ ಆ ಚಿತ್ರಕ್ಕಾಗಿ ಅಮೆರಿಕಕ್ಕೆ ಕಾಲಿಡಲೇ ಇಲ್ಲ. ಮೇಕಪ್ ಕಲಾವಿದ ಪಾಲ್ ರಾಬಿಗರ್ ಬ್ರಷ್ ಹಿಡಿದು ಈಟನ್ ಅವರ ಮೈಗೆ ಬಣ್ಣ ಹಚ್ಚಿದರು. ಪಕ್ಕದಲ್ಲಿ ವೈದ್ಯರನ್ನು ನಿಲ್ಲಿಸಿಕೊಂಡಿದ್ದರು, ಹೊಟ್ಟೆಯ ಮೇಲೆ ಸುಮಾರು ಆರು ಇಂಚು ಜಾಗವನ್ನು ಬಣ್ಣವಿಲ್ಲದೆ ಬಿಟ್ಟಿದ್ದರು. ಬೋರಲು ಮಲಗಿದ್ದರಿಂದ ಕ್ಯಾಮೆರಾಕ್ಕೆ ಅದು ಕಾಣಲಿಲ್ಲ. ಕಥೆಗಾಗಿ ಹೇಳಿದ ಮಾತನ್ನು ಚಿತ್ರ ಮಾಡುವವರೇ ಅರ್ಧ ನಂಬಿದ್ದರು. ಹೀಗಿರುವಾಗ ಪ್ರೇಕ್ಷಕರು ನಂಬಿದ್ದರಲ್ಲಿ ತಪ್ಪೇನು?

ಆ ಚಿನ್ನದ ಮೈಯನ್ನು ಪ್ರಚಾರಕ್ಕೆ ಬಳಸಿಕೊಂಡ ರೀತಿ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ್ದು. ಈಟನ್ ಪರದೆಯ ಮೇಲಿರುವುದು ಕೆಲವೇ ನಿಮಿಷ. ಆದರೂ 1964ರ ನವೆಂಬರ್ 6ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಇದ್ದದ್ದು ನಾಯಕನಲ್ಲ, ನಾಯಕಿಯಲ್ಲ, ಚಿನ್ನ ಹೊದ್ದ ಈಟನ್. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾಗಲು ಇನ್ನೂ ತಿಂಗಳಿಗಿಂತ ಹೆಚ್ಚು ಸಮಯವಿತ್ತು. ಅಷ್ಟರಲ್ಲೇ ಆ ಮುಖಪುಟದ ಫೋಟೊ ಮನೆಮನೆ ತಲುಪಿತ್ತು. ಚಿತ್ರದಲ್ಲಿ ಬಾಂಡ್ ಓಡಿಸುವ, ಉಪಕರಣ ತುಂಬಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನೂ ಪ್ರದರ್ಶನಕ್ಕೆ ಊರೂರು ಸುತ್ತಿಸಿದರು, 1965ರಲ್ಲಿ ಬಂದ ಅದರ ಕಾರ್ಗಿ ಕಂಪನಿಯ ಆಟಿಕೆ ಲಕ್ಷಗಟ್ಟಲೆ ಮಾರಾಟವಾಯಿತು. 1964ರ ಸೆಪ್ಟೆಂಬರ್ 17ರಂದು ಲಂಡನ್‌ನ ಲೆಸ್ಟರ್ ಸ್ಕ್ವೇರ್‌ನ ಓಡಿಯನ್‌ನಲ್ಲಿ ಮೊದಲ ಪ್ರದರ್ಶನ ನಡೆದಾಗ ನೂಕುನುಗ್ಗಲಿಗೆ ಚಿತ್ರಮಂದಿರದ ಗಾಜು ಒಡೆಯಿತು. ನ್ಯೂಯಾರ್ಕ್‌ನ ಡಿಮಿಲ್ ಚಿತ್ರಮಂದಿರ ಹಗಲುರಾತ್ರಿ ಬಾಗಿಲು ಹಾಕದೆ ಪ್ರದರ್ಶನ ನಡೆಸಿತು. ಸುಮಾರು 30 ಲಕ್ಷ ಡಾಲರ್ ಹಾಕಿದ್ದ ಬಂಡವಾಳ ಎರಡೇ ವಾರದಲ್ಲಿ ವಾಪಸಾಯಿತು. ಫ್ಲೆಮಿಂಗ್ ಮಾತ್ರ ಇದನ್ನೆಲ್ಲ ನೋಡಲಿಲ್ಲ, ಅದೇ ವರ್ಷ ಆಗಸ್ಟ್ 12ರಂದೇ ತೀರಿಕೊಂಡಿದ್ದರು. ಆ ಬಾಂಡ್ ಜ್ವರ ನಮ್ಮಲ್ಲಿಗೂ ಬಂತು: 1968ರ ‘ಜೇಡರ ಬಲೆ’ಯಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿದ್ದನ್ನು ಹಳಬರು ಈಗಲೂ ನೆನೆಯುತ್ತಾರೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು, ಏಕೆಂದರೆ ಅದನ್ನು ಹೇಳುವವರು ಕಡಿಮೆ. ಪೋಸ್ಟರ್‌ನಲ್ಲಿ ನೀವು ನೋಡಿದ ಚಿನ್ನದ ಹೆಣ್ಣು ಶರ್ಲಿ ಈಟನ್ ಅಲ್ಲ. ಅವರು ಮಾರ್ಗರೆಟ್ ನೋಲನ್. ಚಿತ್ರದಲ್ಲಿ ಈಜುಕೊಳದ ಬಳಿ ಒಂದು ಗಳಿಗೆ ಕಾಣಿಸಿಕೊಳ್ಳುವ ಡಿಂಕ್ ಎಂಬ ಪುಟ್ಟ ಪಾತ್ರವೂ ಅವರದೇ. ವಿನ್ಯಾಸಕಾರ ರಾಬರ್ಟ್ ಬ್ರೌನ್‌ಜಾನ್, ನೋಲನ್ ಅವರ ಮೈಗೆ ಚಿನ್ನದ ಬಣ್ಣ ಹಚ್ಚಿಸಿ, ಅದರ ಮೇಲೆ ಸಿನಿಮಾದ ದೃಶ್ಯಗಳನ್ನು ಪ್ರೊಜೆಕ್ಟರಿನಿಂದ ಬಿಟ್ಟು, ಶರ್ಲಿ ಬ್ಯಾಸಿ ಹಾಡುವ ಆರಂಭದ ಟೈಟಲ್‌ಗಳನ್ನು ಚಿತ್ರೀಕರಿಸಿದರು. ಆ ಚಿತ್ರಗಳೇ ಪೋಸ್ಟರ್ ಆದವು. ನೋಲನ್ 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಾಸಿಗೆಯ ಮೇಲೆ ಬೋರಲಾಗಿ ಮಲಗಿದವರು ಈಟನ್, ಚಿನ್ನದ ಬಿಕಿನಿ ತೊಟ್ಟು ಮೈಮೇಲೆ ಬಾಂಡ್‌ನ ದೃಶ್ಯಗಳನ್ನು ಹೊತ್ತವರು ನೋಲನ್. ಹಳೆಯ ಪೋಸ್ಟರ್ ಕೈಗೆ ಸಿಕ್ಕರೆ ಈ ಗುರುತು ಹಿಡಿದು ನೋಡಿ.