ಬ್ರೌನ್ ಪೇಪರ್ರು, ಹೊಸ ಫಿಲ್ಟರ್ರು, ಅದೇ ಹೊಗೆ

ಮೈಸೂರಿನ ಕಾಲೇಜುಗಳ ಆಸುಪಾಸಿನ ಪೆಟ್ಟಿಗೆ ಅಂಗಡಿಗಳಲ್ಲಿ ಈಗ ಸಿಗರೇಟು ಪ್ಯಾಕಿನ ಪಕ್ಕದಲ್ಲೇ ರೋಲಿಂಗ್ ಪೇಪರಿನ ಪುಟ್ಟ ಕಟ್ಟುಗಳೂ ಕಾಣುತ್ತವೆ. ಕೆಮ್ಮು ಅಂತ ನನ್ನಲ್ಲಿಗೆ ಬರುವ ಹುಡುಗರಲ್ಲಿ ಕೆಲವರು ಹೆಮ್ಮೆಯಿಂದಲೇ ಹೇಳುತ್ತಾರೆ: "ಪ್ಯಾಕ್ ಸಿಗರೇಟು ಬಿಟ್ಬಿಟ್ಟೆ ಮೇಡಂ, ಈಗ ನಾನೇ ಸುತ್ಕೋತೀನಿ. ಬ್ರೌನ್ ಪೇಪರ್ರು, ಕೆಮಿಕಲ್ ಏನೂ ಇಲ್ಲ." ಅದರ ಬೆನ್ನಿಗೇ ಯಾವ ಪೇಪರ್ ಒಳ್ಳೇದು, ಯಾವ ಫಿಲ್ಟರ್ ಹಾಕಿದರೆ ವಾಸಿ ಅನ್ನುವ ಪ್ರಶ್ನೆ ಬರುತ್ತದೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಕೇಳಿದವನಿಗೆ ತನ್ನ ಶ್ವಾಸಕೋಶದ ಚಿಂತೆ ಶುರುವಾಗಿದೆ ಅಂತಲೇ ಅರ್ಥ. ಬೈದು ಕಳಿಸಿದರೆ ಆತ ಮತ್ತೆ ಬರುವುದಿಲ್ಲ.

ಪೇಪರಿನ ಮಾತು ಬೇಗ ಮುಗಿಯುತ್ತದೆ. ಮರದ ತಿರುಳಿನದಿರಲಿ, ಅಗಸೆ ನಾರಿನದಿರಲಿ, ಅಕ್ಕಿಯದು ಅಂತ ಮಾರುವುದಿರಲಿ, ಉರಿಯುವುದು ಗಿಡದ ನಾರೇ. ಬ್ರೌನ್ ಅಂದರೆ ಬ್ಲೀಚ್ ಮಾಡಿಲ್ಲ ಅಂತಷ್ಟೇ. ಬಿಳಿ ಪೇಪರಿಗೆ ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸುವುದುಂಟು. 70 ಮಿಲಿಮೀಟರಿನ ಸಾಮಾನ್ಯ ಪೇಪರು ಹಗುರಾತಿಹಗುರ. ಅದರೊಳಗೆ ತುಂಬುವ ಹೊಗೆಸೊಪ್ಪು ಅದರ ಎಷ್ಟೋ ಪಟ್ಟು ತೂಗುತ್ತದೆ. ದಮ್ಮು ಎಳೆದಾಗ ಕೆಂಡದ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಟಾರು, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಎಲ್ಲವೂ ಮುಖ್ಯವಾಗಿ ಸೊಪ್ಪು ಉರಿದೇ ಹುಟ್ಟುತ್ತವೆ. ಹಾಗಾಗಿ ಪೇಪರಿನ ಬಣ್ಣ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ನಿಧಾನವಾಗಿ ಉರಿಯುವ ಪೇಪರ್ ಬೇಕು ಅನ್ನುವವರಿಗೆ ಬೀಡಿಯ ಉದಾಹರಣೆ ಕೊಡುತ್ತೇನೆ. ಬೀಡಿ ಎಲೆ ಗಾಳಿ ಬಿಡುವುದು ಕಡಿಮೆ, ಸುಮ್ಮನಿದ್ದರೆ ಆರಿಹೋಗುತ್ತದೆ, ಆರದಂತೆ ಮೇಲಿಂದ ಮೇಲೆ ಎಳೆಯಬೇಕು. ಸೊಪ್ಪು ಸಿಗರೇಟಿಗಿಂತ ಕಡಿಮೆ ಇದ್ದರೂ ಎದೆಗಿಳಿಯುವ ವಿಷ ಕಡಿಮೆಯಾಗದಿರುವುದು ಇದರಿಂದಲೇ. ಕೈಯಲ್ಲಿ ಸುತ್ತಿದ್ದು ನಡುನಡುವೆ ಆರಿದಾಗಲೂ ನೀವು ಮಾಡುವುದು ಇದನ್ನೇ.

ಫಿಲ್ಟರಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಜನ ಮೋಸ ಹೋಗುವುದು ಅಲ್ಲೇ. ದಪ್ಪ ಕಾಗದ ಸುರುಳಿ ಮಾಡಿ ತುದಿಗೆ ಇಡುವ ಟಿಪ್ ಏನನ್ನೂ ಸೋಸುವುದಿಲ್ಲ, ಸೊಪ್ಪು ಬಾಯಿಗೆ ಬರದಂತೆ ತಡೆಯುತ್ತದೆ ಅಷ್ಟೆ. 6 ಅಥವಾ 8 ಮಿಲಿಮೀಟರಿನ ಬಿಳಿ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಹೊಗೆಯ ಕಣಗಳಲ್ಲಿ ಒಂದಿಷ್ಟನ್ನು ಹಿಡಿಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ಹಾಗೇ ಬಿಡುತ್ತದೆ. ಇದ್ದಿಲಿನ ಫಿಲ್ಟರ್ ಕೆಲವು ಆವಿಗಳನ್ನು ಹೀರಿಕೊಳ್ಳುತ್ತದೆ, ಕಾರ್ಬನ್ ಮಾನಾಕ್ಸೈಡಿನ ಮಟ್ಟಿಗೆ ಅದೂ ಅಷ್ಟಕ್ಕಷ್ಟೇ. ಇದಕ್ಕಿಂತ ದೊಡ್ಡ ತೊಡಕು ನಮ್ಮ ಮೆದುಳಿನದು. ಅದಕ್ಕೆ ರೂಢಿಯಾದಷ್ಟು ನಿಕೋಟಿನ್ ಬೇಕೇ ಬೇಕು. ಫಿಲ್ಟರ್ ತಡೆದಷ್ಟನ್ನೂ ಜೋರಾಗಿ, ಆಳವಾಗಿ ಎಳೆದು ವಸೂಲಿ ಮಾಡಿಕೊಳ್ಳುತ್ತೇವೆ, ನಮಗೇ ಗೊತ್ತಾಗದ ಹಾಗೆ.

ಫಿಲ್ಟರಿನ ಚರಿತ್ರೆಯೂ ನಂಬಿಕೆ ಹುಟ್ಟಿಸುವಂಥದ್ದಲ್ಲ. 1952ರಿಂದ 1956ರವರೆಗೆ ಅಮೆರಿಕದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ಇದ್ದದ್ದು ನೀಲಿ ಕಲ್ನಾರು, ಅಂದರೆ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್! ಆರೋಗ್ಯಕ್ಕೆ ಒಳ್ಳೇದು ಅಂತಲೇ ಅದನ್ನು ಮಾರಿದರು. ಆಮೇಲೆ ಗಾಳಿ ಬೆರೆಯಲು ತೂತಿರುವ ಫಿಲ್ಟರು, 'ಲೈಟ್' ಸಿಗರೇಟು ಬಂದವು. ಶ್ವಾಸಕೋಶದ ಕ್ಯಾನ್ಸರ್ ಹೋಗಲಿಲ್ಲ, ಅದರ ಬಗೆ ಬದಲಾಯಿತು. ಶ್ವಾಸಕೋಶದ ಅಂಚಿನ ಕಡೆ ಹೆಚ್ಚಾಗಿ ಬೆಳೆಯುವ ಅಡಿನೊಕಾರ್ಸಿನೋಮ ಹೆಚ್ಚಿತು. 1950ರ ದಶಕದಿಂದೀಚೆಗೆ ಸಿಗರೇಟಿನ ವಿನ್ಯಾಸ ಮತ್ತು ಒಳಸಾಮಗ್ರಿಯಲ್ಲಾದ ಬದಲಾವಣೆಯೇ ಇದಕ್ಕೆ ಕಾರಣ ಅಂತ 2014ರಲ್ಲಿ ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್, ಹೊರಡಿಸಿದ ವರದಿ ಹೇಳಿತು.

ಹುಣಸೂರು ಕಡೆಯ ಹುಡುಗನೊಬ್ಬ ಬಂದಿದ್ದ. ಮನೆಯಲ್ಲಿ ಹೊಗೆಸೊಪ್ಪಿನ ಬೆಳೆ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಒಣಗಿಸುವ ಮನೆಯಲ್ಲಿ, ಹದ ಮಾಡಿದ ಸೊಪ್ಪನ್ನೇ ಸಣ್ಣಗೆ ಹೆಚ್ಚಿ, ದುಬಾರಿ ಪೇಪರು, ಇದ್ದಿಲಿನ ಫಿಲ್ಟರು ಹಾಕಿ ಸೇದುತ್ತಿದ್ದ. "ನಮ್ಮನೆ ಸೊಪ್ಪು ಮೇಡಂ, ಕಲಬೆರಕೆ ಇಲ್ಲ" ಅಂದ. ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ ಕೈಗೆ ಕೊಟ್ಟೆ. ಹದಿನೈದು ಸೆಕೆಂಡು ಉಸಿರು ಕಟ್ಟಿ, ನಿಧಾನವಾಗಿ ಪೂರ್ತಿ ಊದಬೇಕು. ಊದಿದ. ಅಂಕಿ ಏರುತ್ತಾ ಹೋಗಿ 24ಕ್ಕೆ ನಿಂತಿತು. ಸೇದದವರಲ್ಲಿ ಅದು ಸಾಮಾನ್ಯವಾಗಿ 6ರೊಳಗೇ ಇರುತ್ತದೆ. ಸೊಪ್ಪು ಶುದ್ಧವೇ ಇರಬಹುದು ಕಣಪ್ಪಾ, ಉರಿದ ಮೇಲೆ ಬರುವ ಅನಿಲಕ್ಕೆ ಅದು ಲೆಕ್ಕಕ್ಕಿಲ್ಲ ಅಂದೆ. ಇನ್ನೊಂದು ವಿಷಯವನ್ನೂ ಹೇಳಿದೆ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವುದರಿಂದ ಅದರಲ್ಲಿ ಸಕ್ಕರೆ ಅಂಶ ಉಳಿಯುತ್ತದೆ, ಹೊಗೆ ಆಮ್ಲೀಯವಾಗುತ್ತದೆ. ಆಮ್ಲೀಯ ಹೊಗೆಯ ನಿಕೋಟಿನ್ನನ್ನು ಬಾಯಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಎದೆಯೊಳಕ್ಕೇ ಎಳೆಯಬೇಕಾಗುತ್ತದೆ. ಗಂಟಲಿಗೆ ಹಗುರ ಅನ್ನಿಸುವ ಈ ಸೊಪ್ಪಿನ ಹೊಗೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ.

ಬಿಡುವ ದಿನ ಇನ್ನೂ ಗೊತ್ತು ಮಾಡಿಕೊಳ್ಳದವರಿಗೆ ನಾನು ಹೇಳುವುದು ಇಷ್ಟು. ಮೆಂಥಾಲ್, ಹಣ್ಣಿನ ಪರಿಮಳದ ಪೇಪರ್ ಮುಟ್ಟಬೇಡಿ. ಗಂಟಲು ತಂಪಾಗಿ ದಮ್ಮು ಉದ್ದವಾಗುತ್ತದೆ. ಫಿಲ್ಟರ್ ಬದಲು ಹತ್ತಿ ತುರುಕಬೇಡಿ, ಎಳೆ ಒಳಗೆ ಹೋಗುತ್ತದೆ. ಮನೆಯೊಳಗೆ, ಕಾರಿನೊಳಗೆ ಬೇಡವೇ ಬೇಡ, ಮಕ್ಕಳಿದ್ದರಂತೂ. ಅಂದಹಾಗೆ, ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.

ಪೇಪರ್, ಫಿಲ್ಟರಿಗೆ ಹಾಕುವ ದುಡ್ಡನ್ನು ನಿಕೋಟಿನ್ ಗಮ್ಮಿಗೆ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಅದರಲ್ಲಿ ನಿಕೋಟಿನ್ ಇದೆ, ಹೊಗೆ ಇಲ್ಲ. 1800-11-2356ಕ್ಕೆ ಕರೆ ಮಾಡಿದರೆ ತಂಬಾಕು ಬಿಡಲು ಸಲಹೆಯೂ ಪುಕ್ಕಟೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ನಿಕೋಟಿನ್ನಿನ ಗಮ್ಮು, ಉಳಿದವರಿಗೆ 2 ಮಿಲಿಗ್ರಾಂನದು ಸಾಕು. ವೈದ್ಯರನ್ನು ಕೇಳಿಯೇ ಶುರು ಮಾಡಿ. ಗಮ್ಮನ್ನು ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮ ಅಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುತ್ತದೆ, 'ಇದು ನಮಗೆ ಆಗೋಲ್ಲ' ಅಂತ ಬಿಟ್ಟುಬಿಡುತ್ತಾರೆ. ಮೆಲ್ಲಗೆ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ, ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ, ಹೀಗೆ ಅರ್ಧ ಗಂಟೆ. ಕಾಫಿಯ ಹುಳಿ ನಿಕೋಟಿನ್ ಹೀರದಂತೆ ತಡೆಯುತ್ತದೆ. ಆದ್ದರಿಂದ ಬೆಳಗಿನ ಕಾಫಿ ಮುಗಿಸಿ, ಬಾಯಿ ಮುಕ್ಕಳಿಸಿ, ಕಾಲು ಗಂಟೆ ಕಳೆದ ಮೇಲೆ ಗಮ್ ಬಾಯಿಗೆ ಹಾಕಿಕೊಳ್ಳಿ.