4294967297 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: 4294967297ನ್ನು 2, 3, 5, 7 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಹಾಗಾದರೆ ಅದು ಅವಿಭಾಜ್ಯ ಅಲ್ವಾ?

ಅಲ್ಲ. ಅದು 641 × 6700417. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರಶ್ನೆಯಲ್ಲಿ ಆ ‘ಹಾಗಾದರೆ’ ಇದೆಯಲ್ಲ, ಅದು ಹೋಗುವವರೆಗೂ ಬರೆಯಬೇಕು.

2, 3, 5, 7 ಸಾಕು ಎಂಬ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತು. ಎಲ್ಲರೂ 100ರೊಳಗಿನ ಅವಿಭಾಜ್ಯಗಳನ್ನೇ ಮೊದಲು ಕಲಿಯುತ್ತೇವೆ. ಅಲ್ಲಿ ಈ ನಾಲ್ಕೇ ಸಾಕು. 120ರವರೆಗೂ ಸಾಕು. 121ಕ್ಕೆ ಬಂದ ಕೂಡಲೇ ಕೈಕೊಡುತ್ತದೆ, ಏಕೆಂದರೆ ಅದು 11 × 11. ಒಂದು ಸಂಖ್ಯೆ ಅವಿಭಾಜ್ಯ ಎಂದು ಭಾಗಿಸಿಯೇ ತೋರಿಸಬೇಕಾದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕು. ನಮ್ಮ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ನಾಲ್ಕನ್ನು ನೋಡಿ 6538ನ್ನು ಬಿಟ್ಟರೆ ಅದು ಪರೀಕ್ಷೆಯೇ ಅಲ್ಲ. ಕೊನೆಯ ಅಂಕಿ 7 ಇದೆ ಅನ್ನುವವರೂ ಇದ್ದಾರೆ. 27ರ ಕೊನೆಯಲ್ಲೂ 7 ಇದೆ, ಆದರೆ ಅದು ಮೂರರ ಮಗ್ಗಿಯಲ್ಲೇ ಬರುತ್ತದೆ. ದಯವಿಟ್ಟು ಇವೆರಡನ್ನೂ ಬಿಟ್ಟುಬಿಡಿ.

ಈ ಸಂಖ್ಯೆಯ ಬಗ್ಗೆ ದೊಡ್ಡ ಗಣಿತಜ್ಞರೂ ಎಡವಿದ್ದಾರೆ. ಇದು 2³² + 1. 2¹ + 1, 2² + 1, 2⁴ + 1, 2⁸ + 1, 2¹⁶ + 1, ಅಂದರೆ 3, 5, 17, 257, 65537 ಇದೇ ಸಾಲಿನವು, ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಮುರಿದ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥವು ಕ್ರಮವಾಗಿ 193, 257, 449, 577, 641. ಐದನೆಯದರಲ್ಲೇ ಸಿಕ್ಕಿತು!

641 ಯಾಕೆ ಭಾಗಿಸುತ್ತದೆ ಅನ್ನುವುದನ್ನು ಬಾಯಲ್ಲೇ ಹೇಳಬಹುದು. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. 641ರಿಂದ ಭಾಗಿಸಿದಾಗ 640ರ ಶೇಷವನ್ನು −1 ಎಂದು ಹಿಡಿಯಬಹುದು. 640 ಅಂದರೆ 5 × 2⁷. ಅದರ ನಾಲ್ಕನೇ ಘಾತ 5⁴ × 2²⁸, ಅದರ ಶೇಷ 1. ಈಗ 5⁴ ಅಂದರೆ 625, ಅಂದರೆ 641 − 16. ಹಾಗಾಗಿ 5⁴ ಇದ್ದ ಜಾಗಕ್ಕೆ −2⁴ ಹಾಕಿ. −2³²ರ ಶೇಷ 1 ಆಯಿತು, 2³²ರ ಶೇಷ −1. ಒಂದು ಕೂಡಿಸಿ, ಸೊನ್ನೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇದಕ್ಕಿಂತ ಎರಡು ಕಡಿಮೆ, 4294967295, ಇನ್ನೂ ಚೆಂದ. ಮೇಲಿನ ಐದನ್ನೂ ಗುಣಿಸಿದರೆ ಸರಿಯಾಗಿ ಅದೇ ಬರುತ್ತದೆ. ಅದಕ್ಕೇ ನಮ್ಮ ಸಂಖ್ಯೆಯನ್ನು ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ 2 ಉಳಿಯುತ್ತದೆ. ಆ ಐದರಲ್ಲಿ 17 ಇದೆಯಲ್ಲ, 1796ರಲ್ಲಿ ಗಣಿತಜ್ಞ ಗಾಸ್, ಬರೀ ಕೈವಾರ ಮತ್ತು ಪಟ್ಟಿಯಿಂದ ಅಷ್ಟು ಬಾಹುಗಳ, ಎಲ್ಲ ಬಾಹುಗಳೂ ಕೋನಗಳೂ ಒಂದೇ ಅಳತೆಯ ಬಹುಭುಜ ಬರೆಯಬಹುದೆಂದು ಕಂಡುಕೊಂಡ. ಹಾಗೆ ಬರೆಯಬಹುದಾದ, ಬೆಸ ಸಂಖ್ಯೆಯ ಬಾಹುಗಳಿರುವ ಬಹುಭುಜಗಳಲ್ಲಿ ಇವತ್ತಿಗೆ ನಮಗೆ ಗೊತ್ತಿರುವ ಅತಿ ದೊಡ್ಡದಕ್ಕೆ 4294967295 ಬಾಹುಗಳು.